ಕಾರ್ಡಿನ ಮೇಲೆ ‘ಶೇಕಡಾ 70’ ಎಂದು ಬರೆದದ್ದು ಯಾರು?

ಜೂನ್ 1 ಬಂತೆಂದರೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಲ್ಲುತ್ತದೆ. ಜುಲೈ 31ರವರೆಗೆ, ಒಟ್ಟು 61 ದಿನ, ಈ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ್ ಇರಲಿ, ಕುಮಟಾ ತಾಲೂಕಿನ ತದಡಿ ಇರಲಿ, ಹೊನ್ನಾವರ ಇರಲಿ, ಎಲ್ಲ ಕಡೆಯೂ ಇದು ದುರಸ್ತಿಯ ಕಾಲ. ಎಂಜಿನ್ ಬಿಚ್ಚಬೇಕು, ಬಲೆ ಸರಿ ಮಾಡಬೇಕು, ಬಣ್ಣ ಬಳಿಯಬೇಕು, ಕಾಗದಪತ್ರ ನೋಡಿಕೊಳ್ಳಬೇಕು. ಆಗಸ್ಟ್ 1ಕ್ಕೆ ಬೋಟು ತಯಾರಿರಬೇಕು.

ಹೀಗೆ ಹತ್ತಾರು ಬೋಟುಗಳ ದುರಸ್ತಿ ಹಿಡಿದ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಅವರು ಲೆಕ್ಕ ಇಡುವುದು ಮೊಬೈಲಿನಲ್ಲಿ. ಒಂದೊಂದು ಬೋಟಿಗೆ ಒಂದೊಂದು ಕಾರ್ಡು. ದಿನಾ ಬೆಳಿಗ್ಗೆ ಆ ಕಾರ್ಡಿನ ಮೇಲೆ ಹೊಸ ಸಾಲು ಕಾಣಿಸುತ್ತದೆ: ‘ಪ್ರಗತಿ ಶೇಕಡಾ 70. ಉಳಿದ ಕೆಲಸ 3.’ ಇದನ್ನು ಯಾರೂ ಕೂತು ಬರೆದಿಲ್ಲ. ಒಂದು ಸಣ್ಣ ಸಾಫ್ಟ್‌ವೇರ್ ಬರೆದಿದೆ. ಅದನ್ನು ಇಲ್ಲಿ ಟೂಲ್ ಎಂದು ಕರೆಯೋಣ.

ಬೋಟಿನ ಮಾಲೀಕರು ಆ 70 ನೋಡಿ ಐಸ್‌ಗೆ, ಡೀಸೆಲ್‌ಗೆ ಹೇಳಿಡುತ್ತಾರೆ. ಊರಿಗೆ ಹೋದ ಖಲಾಸಿಗಳಿಗೆ ‘ಬನ್ನಿ’ ಎಂದು ಫೋನ್ ಮಾಡುತ್ತಾರೆ. ಹಾಗಾದರೆ ಆ 70 ಎಂಬ ಸಂಖ್ಯೆಯನ್ನು ಎಷ್ಟು ನಂಬಬಹುದು? ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೂ ಇದೇ ಪ್ರಶ್ನೆ. ಅವರ ಮ್ಯಾನೇಜರ್ ಅವರ ಮುಖ ನೋಡುವುದಕ್ಕಿಂತ ಜಾಸ್ತಿ ಅವರ ಕಾರ್ಡು ನೋಡುತ್ತಾರೆ.

ಇದಕ್ಕೆ ಉತ್ತರ ಇರಬೇಕಾದ ಜಾಗ ಒಂದೇ, ಆ ಟೂಲ್‌ನ ಡಾಕ್ಯುಮೆಂಟ್. ಅಂದರೆ ಟೂಲ್ ಏನು ಮಾಡುತ್ತದೆ, ಹೇಗೆ ಮಾಡುತ್ತದೆ, ಕೆಟ್ಟರೆ ಏನು ಮಾಡಬೇಕು ಎಂದು ಬರೆದಿಟ್ಟ ಪುಟಗಳು. ಅದರಲ್ಲಿ ಏನೇನು ಇರಬೇಕು ಎಂದು ಇಲ್ಲಿ ನೋಡೋಣ. ನೀವು ಟೂಲ್ ಬರೆಯುವವರಾಗಿದ್ದರೆ ಬರೆಯಲಿಕ್ಕೆ ಸಹಾಯವಾದೀತು. ಬರೀ ಬಳಸುವವರಾಗಿದ್ದರೆ ಏನು ಕೇಳಬೇಕು ಎಂದು ಗೊತ್ತಾಗುತ್ತದೆ.

ಬೋರ್ಡು ಮತ್ತು ಕಾರ್ಡು

ಕಾರ್ಡು ಇಟ್ಟು ಕೆಲಸ ನಡೆಸುವ ಈ ಪದ್ಧತಿ ಹುಟ್ಟಿದ್ದು ಕಾರ್ಖಾನೆಯಲ್ಲಿ. ಜಪಾನಿನ ಟೊಯೋಟಾದಲ್ಲಿ ತೈಚಿ ಓನೊ ಎಂಬ ಎಂಜಿನಿಯರ್ ಇದನ್ನು ಬೆಳೆಸಿದರು. ಯಾವ ಬಿಡಿಭಾಗ ಎಷ್ಟು ಬೇಕು ಎಂದು ಹಿಂದಿನ ವಿಭಾಗಕ್ಕೆ ಕಾರ್ಡಿನ ಮೂಲಕ ತಿಳಿಸುವುದು ಅಲ್ಲಿನ ಕ್ರಮ. ಅದನ್ನು ಕಾನ್‌ಬಾನ್ ಎನ್ನುತ್ತಾರೆ. ಮುಂದೆ ಸಾಫ್ಟ್‌ವೇರ್ ತಂಡಗಳು ಅದನ್ನು ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡವು. 2011ರಲ್ಲಿ ಬಂದ ಟ್ರೆಲೊ ಎಂಬ ಆ್ಯಪ್ ಇದನ್ನು ಯಾರು ಬೇಕಾದರೂ ಬಳಸುವಷ್ಟು ಸುಲಭ ಮಾಡಿತು. 2017ರಲ್ಲಿ ಅದನ್ನು ಅಟ್ಲಾಸಿಯನ್ ಕಂಪನಿ ಕೊಂಡಿತು. ಆಫೀಸುಗಳಲ್ಲಿ ಕೇಳಿಬರುವ, ಕೆಲಸದ ಲೆಕ್ಕ ಇಡುವ ಜಿರಾ ಕೂಡ ಇದೇ ಕಂಪನಿಯದ್ದು. ನಮ್ಮ ವರ್ಕ್‌ಶಾಪಿನ ಕಾರ್ಡುಗಳೂ ಟ್ರೆಲೊದಲ್ಲೇ ಇವೆ ಎಂದುಕೊಳ್ಳೋಣ.

ಬೋರ್ಡಿನಲ್ಲಿ ಉದ್ದಕ್ಕೆ ಕೆಲವು ಪಟ್ಟಿಗಳಿರುತ್ತವೆ: ‘ಮಾಡಬೇಕಾದ್ದು’, ‘ನಡೀತಾ ಇರೋದು’, ‘ಮುಗಿದದ್ದು’. ಕಾರ್ಡು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗುತ್ತದೆ. ಕಾರ್ಡಿನ ಒಳಗೆ ವಿವರಣೆ ಬರೆಯುವ ಜಾಗ, ಕಾಮೆಂಟ್ ಹಾಕುವ ಜಾಗ, ಟಿಕ್ ಹಾಕುವ ಚೆಕ್‌ಲಿಸ್ಟ್ ಇರುತ್ತವೆ. ಇಷ್ಟು ಗೊತ್ತಿದ್ದರೆ ಸಾಕು.

ಟೂಲ್ ಒಳಗೆ ನಡೆಯುವುದೇನು?

ನಾವು ಬೋರ್ಡನ್ನು ಪರದೆಯ ಮೇಲೆ ನೋಡುತ್ತೇವೆ, ಬೆರಳಿನಿಂದ ಒತ್ತುತ್ತೇವೆ. ಇನ್ನೊಂದು ಪ್ರೋಗ್ರಾಮ್‌ಗೆ ಬೆರಳಿಲ್ಲ. ಅದಕ್ಕಾಗಿ ಟ್ರೆಲೊದಂಥವರು ಬೇರೆ ಒಂದು ದಾರಿ ಇಟ್ಟಿರುತ್ತಾರೆ. ಅದಕ್ಕೆ ಎಪಿಐ ಎನ್ನುತ್ತಾರೆ. ಶಿರಸಿಯ ಅಡಿಕೆ ಸೊಸೈಟಿಯಲ್ಲಿ ನಾವು ಗೋದಾಮಿನ ಒಳಗೆ ಹೋಗಿ ನಮ್ಮ ಚೀಲ ಹುಡುಕುವುದಿಲ್ಲ. ಕೌಂಟರಿನಲ್ಲಿ ಚೀಟಿ ಕೊಡುತ್ತೇವೆ, ಅವರು ಲೆಕ್ಕ ನೋಡಿ ಹೇಳುತ್ತಾರೆ. ಎಪಿಐ ಅಂಥ ಕೌಂಟರು. ಏನು ಕೇಳಬಹುದು, ಚೀಟಿ ಹೇಗೆ ಬರೆಯಬೇಕು ಎಂಬುದಕ್ಕೆ ಅಲ್ಲಿ ಖಚಿತ ನಿಯಮ ಇರುತ್ತದೆ.

ನಮ್ಮ ಟೂಲ್ ಆ ಕೌಂಟರಿಗೆ ಹೋಗಿ ಬೋರ್ಡಿನ ಕಾರ್ಡುಗಳನ್ನು ಕೇಳುತ್ತದೆ. ಒಂದೊಂದರ ಚೆಕ್‌ಲಿಸ್ಟಿನಲ್ಲಿ ಎಷ್ಟು ಟಿಕ್ ಬಿದ್ದಿದೆ ಎಂದು ಎಣಿಸುತ್ತದೆ. ಒಂದು ಸಾಲು ತಯಾರಿಸಿ ಆ ಕಾರ್ಡಿನ ಮೇಲೆ ಬರೆದು ಬರುತ್ತದೆ.

ಟೂಲ್ ಎಚ್ಚರವಾಗಲಿಕ್ಕೆ ಎರಡು ದಾರಿ. ಒಂದು, ದಿನಾ ಇಂಥ ಹೊತ್ತಿಗೆ ಏಳು ಎಂದು ಅಲಾರಂ ಇಡುವುದು. ಇದಕ್ಕೆ ಕ್ರಾನ್ ಎನ್ನುತ್ತಾರೆ. ಎರಡನೆಯದು, ಯಾರಾದರೂ ಟಿಕ್ ಹಾಕಿದ ಕೂಡಲೇ ಟ್ರೆಲೊನೇ ಟೂಲ್‌ಗೆ ಸುದ್ದಿ ಕಳಿಸುವುದು. ಇದು ವೆಬ್‌ಹುಕ್. ಎರಡನೆಯ ದಾರಿಯಲ್ಲಿ ಸುದ್ದಿ ಬೇಗ ಸಿಗುತ್ತದೆ. ಆದರೆ ಟೂಲ್ ಇರುವ ಸರ್ವರ್ ಯಾವಾಗಲೂ ಎದ್ದಿರಬೇಕು. ಅದು ಸ್ಪಂದಿಸದಿದ್ದರೆ ಟ್ರೆಲೊ ಇನ್ನೂ ಮೂರು ಸಲ ಪ್ರಯತ್ನಿಸಿ ಆ ಸುದ್ದಿಯನ್ನು ಕೈಬಿಡುತ್ತದೆ.

ವೆಬ್‌ಹುಕ್‌ನಲ್ಲಿ ಇನ್ನೊಂದು ಸಿಕ್ಕು ಇದೆ. ಟೂಲ್ ಕಾರ್ಡಿನ ಮೇಲೆ ಬರೆಯುತ್ತದೆ. ಬರೆದದ್ದೂ ಒಂದು ಬದಲಾವಣೆಯೇ ಅಲ್ವಾ? ಹಾಗಾಗಿ ಟ್ರೆಲೊ ಮತ್ತೆ ಸುದ್ದಿ ಕಳಿಸುತ್ತದೆ. ಟೂಲ್ ಮತ್ತೆ ಬರೆಯುತ್ತದೆ. ಮತ್ತೆ ಸುದ್ದಿ. ಇದನ್ನು ತಡೆಯಲು ಟೂಲ್ ತಾನೇ ಮಾಡಿದ ಬದಲಾವಣೆಯನ್ನು ಗುರುತಿಸಿ ಸುಮ್ಮನಿರಬೇಕು. ಎಚ್ಚರವಾಗುವ ದಾರಿ ಯಾವುದು, ವೆಬ್‌ಹುಕ್ ಆದರೆ ಈ ಸುತ್ತನ್ನು ಹೇಗೆ ತಪ್ಪಿಸಿದೆ ಎಂದು ಡಾಕ್ಯುಮೆಂಟಿನ ಮೊದಲ ಪುಟದಲ್ಲೇ ಹೇಳಬೇಕು.

ಶೇಕಡಾ ಎಲ್ಲಿಂದ ಬಂತು?

ನನ್ನ ಪ್ರಕಾರ ಇಡೀ ಡಾಕ್ಯುಮೆಂಟಿನ ಜೀವ ಇರುವುದು ಇಲ್ಲಿ. ಹೆಚ್ಚಿನವರು ಇದನ್ನೇ ಬರೆಯುವುದಿಲ್ಲ, ಯಾಕೆಂದರೆ ಬರೆದವರಿಗೆ ಇದು ಸ್ಪಷ್ಟವಾಗೇ ಇರುತ್ತದೆ.

ಒಂದು ಟ್ರಾಲರ್ ಬೋಟಿನ ಕಾರ್ಡು ತೆಗೆದುಕೊಳ್ಳಿ. ಚೆಕ್‌ಲಿಸ್ಟಿನಲ್ಲಿ ಹತ್ತು ಕೆಲಸ ಇದೆ. ಬೋಟು ದಡಕ್ಕೆ ಎಳೆದಾಯಿತು. ತಳ ಕೆರೆದಾಯಿತು. ಹೊರಮೈಗೆ ಬಣ್ಣ ಆಯಿತು. ಬ್ಯಾಟರಿ, ದೀಪ, ಜಿಪಿಎಸ್, ವೈರ್‌ಲೆಸ್ ನೋಡಿಯಾಯಿತು. ಏಳು ಟಿಕ್. ಉಳಿದದ್ದು ಎಂಜಿನ್ ಓವರ್‌ಹಾಲ್, ಪ್ರೊಪೆಲ್ಲರ್ ಶಾಫ್ಟ್, ಬಲೆ. ಹತ್ತರಲ್ಲಿ ಏಳು, ಹಾಗಾಗಿ ಶೇಕಡಾ 70.

ಈಗ ಇದೇ ಕಾರ್ಡನ್ನು ದಿನದ ಲೆಕ್ಕದಲ್ಲಿ ನೋಡಿ. ಮುಗಿದ ಏಳು ಕೆಲಸಕ್ಕೆ ತಲಾ ಒಂದು ದಿನ, ಒಟ್ಟು 7. ಎಂಜಿನ್‌ಗೆ 8 ದಿನ, ಶಾಫ್ಟಿಗೆ 4, ಬಲೆಗೆ 6 ಬೇಕು ಎಂದಿಟ್ಟುಕೊಳ್ಳಿ. ಎಲ್ಲ ಸೇರಿ 25 ದಿನದ ಕೆಲಸ, ಮುಗಿದದ್ದು 7. ಅಂದರೆ ಶೇಕಡಾ 28.

ಅದೇ ಬೋಟು, ಅದೇ ಟಿಕ್. ಒಂದು ಲೆಕ್ಕದಲ್ಲಿ 70, ಇನ್ನೊಂದರಲ್ಲಿ 28. ಎರಡೂ ತಪ್ಪಲ್ಲ. ಆದರೆ 70 ನೋಡಿ ಖಲಾಸಿಗಳನ್ನು ಕರೆಸಿಕೊಂಡ ಮಾಲೀಕರಿಗೆ, ಅದು ಟಿಕ್ ಎಣಿಕೆ ಮಾತ್ರ, ಸಮಯದ ಲೆಕ್ಕ ಅಲ್ಲ ಎಂದು ಮೊದಲೇ ಗೊತ್ತಿರಬೇಕಿತ್ತು. ಡಾಕ್ಯುಮೆಂಟಿನಲ್ಲಿ ಇದಕ್ಕೆ ಬೇಕಾದದ್ದು ಒಂದು ಸಾಲು: ‘ಇಲ್ಲಿ ಶೇಕಡಾ ಎಂದರೆ ಟಿಕ್ ಆದ ಕೆಲಸಗಳ ಸಂಖ್ಯೆ ಭಾಗಿಸು ಒಟ್ಟು ಕೆಲಸಗಳ ಸಂಖ್ಯೆ. ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಈ ಟೂಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.’ ಅದರ ಕೆಳಗೆ ಮೇಲಿನಂಥ ಒಂದು ಉದಾಹರಣೆ ಕೊಟ್ಟುಬಿಟ್ಟರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಲೆಕ್ಕದ ಅಂಚಿನಲ್ಲೂ ಕೆಲವು ಪ್ರಶ್ನೆಗಳು ಕಾಯುತ್ತಿರುತ್ತವೆ. ಚೆಕ್‌ಲಿಸ್ಟೇ ಇಲ್ಲದ ಕಾರ್ಡು ಬಂದರೆ? ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ. ಆಗ ಟೂಲ್ 0 ಬರೆಯುತ್ತದೋ, 100 ಬರೆಯುತ್ತದೋ, ಆ ಕಾರ್ಡನ್ನು ಬಿಟ್ಟು ಮುಂದೆ ಹೋಗುತ್ತದೋ? ಒಂದೇ ಕಾರ್ಡಿನಲ್ಲಿ ಎರಡು ಚೆಕ್‌ಲಿಸ್ಟ್ ಇದ್ದರೆ ಕೂಡಿಸುತ್ತದೋ, ಬೇರೆ ಬೇರೆ ತೋರಿಸುತ್ತದೋ?

ಎಂಜಿನ್ ಬಿಚ್ಚಿದ ಮೇಲೆ ಗೇರ್‌ಬಾಕ್ಸೂ ಕೆಟ್ಟಿದೆ ಎಂದು ಗೊತ್ತಾಯಿತು. ಹನ್ನೊಂದನೆಯ ಕೆಲಸ ಸೇರಿತು. ಈಗ ಹನ್ನೊಂದರಲ್ಲಿ ಏಳು, ಅಂದರೆ ಸುಮಾರು 64. ನಿನ್ನೆ 70 ಇದ್ದದ್ದು ಇವತ್ತು 64! ನೋಡಿದವರು ಗಾಬರಿಯಾಗುತ್ತಾರೆ, ಯಾರೋ ಟಿಕ್ ತೆಗೆದಿದ್ದಾರೆ ಎಂದುಕೊಳ್ಳುತ್ತಾರೆ. ‘ಹೊಸ ಕೆಲಸ ಸೇರಿದಾಗ ಶೇಕಡಾ ಇಳಿಯಬಹುದು’ ಎಂದು ಮೊದಲೇ ಬರೆದಿದ್ದರೆ ಈ ಗಾಬರಿ ಇರುವುದಿಲ್ಲ. ‘ಶೇಕಡಾ 64, 11ರಲ್ಲಿ 7, ನಿನ್ನೆಯಿಂದ 1 ಹೊಸ ಕೆಲಸ’ ಎಂದು ವರದಿಯಲ್ಲೇ ತೋರಿಸಿದರೆ ಇನ್ನೂ ಒಳ್ಳೆಯದು.

ದಶಮಾಂಶವನ್ನು ಪೂರ್ಣಾಂಕ ಮಾಡುವಾಗಲೂ ಎಚ್ಚರ ಬೇಕು. 200 ಕೆಲಸದಲ್ಲಿ 199 ಮುಗಿದರೆ 99.5. ಹತ್ತಿರದ ಪೂರ್ಣಾಂಕಕ್ಕೆ ಏರಿಸಿದರೆ 100 ಆಗಿಬಿಡುತ್ತದೆ. ಉಳಿದ ಆ ಒಂದು ಕೆಲಸ ಶಾಫ್ಟಿನ ಸೀಲ್ ಆಗಿದ್ದರೆ? ಎಲ್ಲ ಮುಗಿಯುವವರೆಗೆ 99 ದಾಟಬಾರದು ಎಂಬ ನಿಯಮ ಇಟ್ಟುಕೊಳ್ಳುವುದು ಲೇಸು. ಇಟ್ಟುಕೊಂಡರೆ ಅದನ್ನೂ ಬರೆಯಬೇಕು.

ಟೂಲ್ ಕೈ ಹಾಕುವುದು ಎಲ್ಲಿ?

ಕಾರ್ಡಿನ ವಿವರಣೆಯಲ್ಲಿ ಮೆಕ್ಯಾನಿಕ್ ಒಂದು ಮಾತು ಬರೆದಿಟ್ಟಿದ್ದಾನೆ: ‘ಶಾಫ್ಟಿನ ಬೇರಿಂಗ್ ಮಂಗಳೂರಿನಿಂದ ಬರಬೇಕು, ಶುಕ್ರವಾರ ಬಸ್ಸಿಗೆ ಹಾಕ್ತಾರಂತೆ.’ ರಾತ್ರಿ ಟೂಲ್ ಓಡಿತು. ವಿವರಣೆಯ ಜಾಗಕ್ಕೆ ತನ್ನ ವರದಿ ಬರೆಯಿತು. ಎಪಿಐ ಮೂಲಕ ವಿವರಣೆ ಬರೆಯುವುದೆಂದರೆ ಇದ್ದದ್ದರ ಜಾಗದಲ್ಲಿ ಹೊಸದನ್ನು ಇಡುವುದು, ಕೊನೆಗೆ ಸೇರಿಸುವುದಲ್ಲ. ಬೆಳಿಗ್ಗೆ ನೋಡಿದರೆ ಬೇರಿಂಗಿನ ಮಾತೇ ಇಲ್ಲ.

ಇದನ್ನು ತಪ್ಪಿಸಲು ಟೂಲ್ ಬರೆಯುವವರು ಸಾಮಾನ್ಯವಾಗಿ ಎರಡರಲ್ಲೊಂದು ಉಪಾಯ ಮಾಡುತ್ತಾರೆ. ವರದಿಯನ್ನು ಕಾಮೆಂಟ್ ಆಗಿ ಹಾಕುವುದು ಒಂದು. ಹಳೆಯದು ಏನೂ ಅಳಿಯುವುದಿಲ್ಲ, ದಿನದಿನದ ಚರಿತ್ರೆ ಉಳಿಯುತ್ತದೆ. ಆದರೆ 61 ದಿನಕ್ಕೆ 61 ಕಾಮೆಂಟ್ ಆಗುತ್ತದೆ, ಕಾರ್ಡನ್ನು ಗಮನಿಸುತ್ತಿರುವವರಿಗೆಲ್ಲ ದಿನಾ ನೋಟಿಫಿಕೇಶನ್ ಹೋಗುತ್ತದೆ. ಸ್ವಲ್ಪ ದಿನಕ್ಕೆ ಜನ ಅದನ್ನು ನೋಡುವುದನ್ನೇ ಬಿಡುತ್ತಾರೆ.

ಇನ್ನೊಂದು, ವಿವರಣೆಯೊಳಗೆ ಗಡಿ ಹಾಕಿಕೊಳ್ಳುವುದು. ಕಾರ್ಡಿನಲ್ಲಿ ಅದು ಹೀಗೆ ಕಾಣುತ್ತದೆ:

ಬೇರಿಂಗ್ ಮಂಗಳೂರಿನಿಂದ ಬರಬೇಕು.
--- ಪ್ರಗತಿ ವರದಿ ಶುರು ---
ಶೇಕಡಾ 64, 11ರಲ್ಲಿ 7. ಜುಲೈ 9, ಬೆಳಿಗ್ಗೆ 6.00
--- ಪ್ರಗತಿ ವರದಿ ಕೊನೆ ---

ಟೂಲ್ ಪೂರ್ತಿ ವಿವರಣೆಯನ್ನು ಮೊದಲು ಓದಿಕೊಳ್ಳುತ್ತದೆ, ಎರಡು ಗೆರೆಗಳ ನಡುವೆ ಇದ್ದದ್ದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೇ ವಾಪಸ್ ಬರೆಯುತ್ತದೆ. ಹೊರಗಿನ ಮಾತು ಭದ್ರ. ಆದರೆ ಯಾರಾದರೂ ತಿಳಿಯದೆ ‘ಕೊನೆ’ ಎಂಬ ಗೆರೆ ಅಳಿಸಿಬಿಟ್ಟರೆ? ಕೆಳಗಿನದ್ದನ್ನೆಲ್ಲ ನುಂಗುತ್ತದೋ, ಬರೆಯದೆ ನಿಲ್ಲುತ್ತದೋ, ಹೊಸ ಗಡಿ ಹಾಕುತ್ತದೋ ಎಂದು ಬರೆದಿರಬೇಕು. ಟ್ರೆಲೊದಲ್ಲಿ ವಿವರಣೆಗೆ 16,384 ಅಕ್ಷರಗಳ ಮಿತಿ ಇದೆ. ಹಳೆಯದನ್ನು ತೆಗೆಯದೆ ದಿನಾ ಸೇರಿಸುತ್ತಾ ಹೋಗುವ ಟೂಲ್ ಒಂದು ದಿನ ಆ ಮಿತಿಗೆ ಮುಟ್ಟಿ ನಿಂತುಬಿಡುತ್ತದೆ.

ಹಾಗಾಗಿ ಡಾಕ್ಯುಮೆಂಟಿನಲ್ಲಿ ಎರಡು ಪಟ್ಟಿ ಇರಬೇಕು, ಈ ಟೂಲ್ ಏನೇನು ಬದಲಿಸುತ್ತದೆ ಮತ್ತು ಏನೇನು ಎಂದೂ ಬದಲಿಸುವುದಿಲ್ಲ. ಎರಡನೆಯ ಪಟ್ಟಿಯೇ ಜನರಿಗೆ ಧೈರ್ಯ ಕೊಡುವುದು. ‘ಟಿಕ್ ಹಾಕುವುದಿಲ್ಲ, ತೆಗೆಯುವುದಿಲ್ಲ. ಕಾರ್ಡನ್ನು ಬೇರೆ ಪಟ್ಟಿಗೆ ಸರಿಸುವುದಿಲ್ಲ. ಗಡುವಿನ ದಿನಾಂಕ ಮುಟ್ಟುವುದಿಲ್ಲ.’

ಡ್ರೈ ರನ್ ಎಂಬ ಸೌಲಭ್ಯ ಇದ್ದರೆ ಅದನ್ನು ದೊಡ್ಡದಾಗಿ ಹೇಳಬೇಕು. ಕಾರ್ಡಿನ ಮೇಲೆ ಏನೂ ಬರೆಯದೆ, ಏನು ಬರೆಯುತ್ತಿದ್ದೆ ಎಂದು ತೋರಿಸುವ ಕ್ರಮ ಅದು. ಹೊಸಬರು ಮೊದಲು ಓಡಿಸಬೇಕಾದ್ದು ಅದನ್ನೇ.

ಬೆಳಿಗ್ಗೆ 6 ಎಂದರೆ ಎಲ್ಲಿಯ 6?

ಎಷ್ಟೋ ಸರ್ವರ್‌ಗಳ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲಾರಂ ‘6’ ಎಂದಿಟ್ಟರೆ ಕಾರವಾರದಲ್ಲಿ ಟೂಲ್ ಏಳುವುದು ಬೆಳಿಗ್ಗೆ 11.30ಕ್ಕೆ. ನಮ್ಮ 6 ಗಂಟೆಗೆ ಓಡಬೇಕೆಂದರೆ 0.30 ಎಂದು ಇಡಬೇಕು. ನಸುಕಿನ 4 ಗಂಟೆಗೆ ಓಡಿಸಿದರಂತೂ ವರದಿಯ ಮೇಲೆ ನಿನ್ನೆಯ ತಾರೀಕು ಬೀಳುವ ಸಾಧ್ಯತೆ ಇದೆ, ಯಾಕೆಂದರೆ ಯುಟಿಸಿಯಲ್ಲಿ ಆಗ ಇನ್ನೂ ಹಿಂದಿನ ರಾತ್ರಿ 10.30. ಡಾಕ್ಯುಮೆಂಟಿನಲ್ಲಿ ಸಮಯ ಬರೆಯುವಾಗ ಪ್ರತಿ ಸಲ ‘ಭಾರತೀಯ ಸಮಯ’ ಅಥವಾ ‘ಯುಟಿಸಿ’ ಎಂದು ಜೊತೆಗೇ ಬರೆಯಿರಿ.

ಯಾರ ಹೆಸರಿನಲ್ಲಿ ಬರೆಯುತ್ತದೆ?

ಟೂಲನ್ನು ಟ್ರೆಲೊ ಒಳಗೆ ಬಿಡಬೇಕಾದರೆ ಟೋಕನ್ ಬೇಕು. ಅದೊಂದು ಉದ್ದನೆಯ ಗುಪ್ತ ಅಕ್ಷರಗಳ ಸಾಲು. ಟ್ರೆಲೊದಲ್ಲಿ ಟೋಕನ್ ಯಾರ ಖಾತೆಯಿಂದ ತೆಗೆದದ್ದೋ, ಟೂಲ್ ಹಾಕಿದ ಕಾಮೆಂಟ್ ಅವರ ಹೆಸರಿನಲ್ಲೇ ಕಾಣುತ್ತದೆ. ಅಂದರೆ ವರ್ಕ್‌ಶಾಪಿನ ಲೆಕ್ಕ ನೋಡುವ ಅಕ್ಕ ತನ್ನ ಟೋಕನ್ ಕೊಟ್ಟಿದ್ದರೆ, ‘ಶೇಕಡಾ 70’ ಎಂದು ಅವಳೇ ಬರೆದಂತೆ ಎಲ್ಲರಿಗೂ ತೋರುತ್ತದೆ. ತಪ್ಪಾದಾಗ ಕರೆ ಬರುವುದೂ ಅವಳಿಗೇ. ಇದು ಸರಿಯಲ್ಲ. ಟೂಲ್‌ಗೆ ಬೇರೆ ಖಾತೆ ತೆರೆದು, ‘ಪ್ರಗತಿ ಟೂಲ್’ ಎಂಬಂಥ ಹೆಸರಿಡಲು ಡಾಕ್ಯುಮೆಂಟ್ ಹೇಳಬೇಕು.

ಟೋಕನ್ ಕೊಡುವಾಗ ಓದಲಿಕ್ಕೆ ಮಾತ್ರವೋ, ಬರೆಯಲಿಕ್ಕೂ ಹೌದೋ ಎಂದು ಆರಿಸಬಹುದು. ಒಂದು ಗಂಟೆ, ಒಂದು ದಿನ, 30 ದಿನ ಅಥವಾ ಶಾಶ್ವತ ಎಂದು ಅವಧಿಯನ್ನೂ ಇಡಬಹುದು. ಜೂನ್ 1ಕ್ಕೆ 30 ದಿನದ ಟೋಕನ್ ಕೊಟ್ಟರೆ ಜುಲೈ ಶುರುವಿನಲ್ಲಿ, ಕೆಲಸ ಜೋರಾಗಿರುವಾಗಲೇ, ಟೂಲ್ ಬರೆಯುವುದನ್ನು ನಿಲ್ಲಿಸುತ್ತದೆ. ಅವಧಿ ಎಷ್ಟು, ಮುಗಿಯುವುದು ಯಾವತ್ತು, ಹೊಸದು ತೆಗೆಯುವುದು ಹೇಗೆ, ಇವು ಡಾಕ್ಯುಮೆಂಟಿನಲ್ಲಿರಲಿ. ಟೋಕನ್ ಮಾತ್ರ ಎಂದೂ ಡಾಕ್ಯುಮೆಂಟಿನೊಳಗೆ ಬರಕೂಡದು, ಸ್ಕ್ರೀನ್‌ಶಾಟಿನಲ್ಲೂ ಕೂಡದು.

ಕರೆಂಟ್ ಹೋದ ರಾತ್ರಿ

ಘಟ್ಟದ ಮೇಲೆ ಆಷಾಢದ ಮಳೆಗೆ ಮರ ಬಿದ್ದು ಲೈನ್ ಹೋಗುವುದು ಹೊಸದೇನಲ್ಲ. ಟೂಲ್ ಯಾರದೋ ಶಿರಸಿಯ ಮನೆಯ ಕಂಪ್ಯೂಟರಿನಲ್ಲಿ ಓಡುತ್ತಿದ್ದರೆ ಆ ರಾತ್ರಿ ವರದಿ ಇಲ್ಲ. ಮರುದಿನ ಕಾರ್ಡಿನಲ್ಲಿ ನಿನ್ನೆಯ 70 ಹಾಗೇ ಇರುತ್ತದೆ. ನೋಡುವವರಿಗೆ ‘ಕೆಲಸ ನಿಂತಿದೆ’ ಎನಿಸಬಹುದು. ನಿಂತದ್ದು ಕೆಲಸವಲ್ಲ, ವರದಿ. ವರದಿಯ ಜೊತೆ ದಿನ ಮತ್ತು ಹೊತ್ತು ಇದ್ದರೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.

ಅರ್ಧಕ್ಕೆ ನಿಂತರೆ ಇನ್ನೂ ಕಷ್ಟ. 40 ಕಾರ್ಡಿನಲ್ಲಿ 22 ಆಗುವಾಗ ನೆಟ್ ಹೋಯಿತು. ಮತ್ತೆ ಓಡಿಸಬಹುದೇ? ಮೊದಲ 22ಕ್ಕೆ ಎರಡೆರಡು ಕಾಮೆಂಟ್ ಬೀಳುತ್ತದೆಯೇ? ಒಳ್ಳೆಯ ಟೂಲ್ ಎಷ್ಟು ಸಲ ಓಡಿಸಿದರೂ ಫಲಿತಾಂಶ ಒಂದೇ ಇರುವಂತೆ ನೋಡಿಕೊಳ್ಳುತ್ತದೆ. ‘ಹೆದರದೆ ಮತ್ತೆ ಓಡಿಸಿ, ಎರಡು ಸಲ ಬರೆಯುವುದಿಲ್ಲ’ ಎಂಬ ಒಂದು ವಾಕ್ಯ ರಾತ್ರಿ ಒಬ್ಬರೇ ಕೂತವರಿಗೆ ದೊಡ್ಡ ಆಸರೆ.

ತಪ್ಪಿನ ಸಂದೇಶಗಳಿಗೂ ಒಂದು ಪುಟ ಬೇಕು. 401 ಎಂದು ಬಂದರೆ ಟೋಕನ್ ಸರಿ ಇಲ್ಲ, ಅವಧಿ ಮುಗಿದಿರಬಹುದು. 429 ಬಂದರೆ ಟೂಲ್ ಅತಿ ವೇಗವಾಗಿ ಕೇಳುತ್ತಿದೆ. ಟ್ರೆಲೊ ಒಂದು ಟೋಕನ್‌ಗೆ 10 ಸೆಕೆಂಡಿಗೆ 100 ಕೋರಿಕೆ ಮಾತ್ರ ಒಪ್ಪುತ್ತದೆ. ತುಸು ಕಾದು ಮತ್ತೆ ಕೇಳಬೇಕು. ಪರದೆಯಲ್ಲಿ ಕಾಣುವ ಸಂದೇಶವನ್ನು ಅಕ್ಷರಶಃ ಹಾಗೇ ಬರೆದು, ಅದರ ಕೆಳಗೆ ಏನು ಮಾಡಬೇಕು ಎಂದು ಹೇಳಿ. ಗಾಬರಿಯಲ್ಲಿರುವವರು ಹುಡುಕುವುದು ಆ ಸಂದೇಶವನ್ನೇ.

ಇದನ್ನೆಲ್ಲ ಜೋಡಿಸುವುದು ಹೇಗೆ?

ದಾನಿಯೆಲೆ ಪ್ರೊಚಿದಾ ಎಂಬವರು ರೂಪಿಸಿದ ಡಯಾಟ್ಯಾಕ್ಸಿಸ್ ಎಂಬ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರ ಪ್ರಕಾರ ಡಾಕ್ಯುಮೆಂಟಿನಲ್ಲಿ ನಾಲ್ಕು ಬಗೆ: ಹೊಸಬರ ಕೈಹಿಡಿದು ನಡೆಸುವ ಪಾಠ, ಒಂದು ನಿರ್ದಿಷ್ಟ ಕೆಲಸ ಮಾಡುವ ವಿಧಾನ, ಬೇಕಾದಾಗ ತೆಗೆದು ನೋಡುವ ಮಾಹಿತಿ, ಯಾಕೆ ಹೀಗೆ ಎಂದು ಹೇಳುವ ವಿವರಣೆ. ನಾಲ್ಕನ್ನೂ ಒಂದರೊಳಗೊಂದು ಕಲಸಬಾರದು. ಮೊದಲ ಸಲ ಟೂಲ್ ಹಾಕಿಕೊಳ್ಳುತ್ತಿರುವವರಿಗೆ ಶೇಕಡಾ ಲೆಕ್ಕದ ಇಡೀ ಚರ್ಚೆ ಬೇಡ. 70 ಯಾಕೆ 64 ಆಯಿತು ಎಂದು ತಲೆಕೆಡಿಸಿಕೊಂಡವರಿಗೆ ಟೂಲ್ ಹಾಕಿಕೊಳ್ಳುವ ಪಾಠ ಬೇಡ.

ನಮ್ಮ ವರ್ಕ್‌ಶಾಪಿನ ಟೂಲ್‌ನಷ್ಟು ಸಣ್ಣದಕ್ಕೆ ನಾಲ್ಕೈದು ಪುಟ ಸಾಕು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಟೂಲ್ ಓಡಿಸುವವರಿಗೆ ಒಂದು ಬರಹ, ಕಾರ್ಡು ಓದುವವರಿಗೆ ಇನ್ನೊಂದು ಬರಹ ಬೇಕು. ಎರಡನೆಯದು ಅರ್ಧ ಪುಟ ಇದ್ದರೂ ಸಾಕು, ಆದರೆ ಕನ್ನಡದಲ್ಲಿರಬೇಕು. ಬೋಟು ನಡೆಸುವ ತಾಂಡೇಲನಿಗೆ ಎಪಿಐ ಬೇಕಾಗಿಲ್ಲ. ಆ 70 ಏನನ್ನು ಎಣಿಸುತ್ತದೆ, ಯಾವಾಗ ಬದಲಾಗುತ್ತದೆ, ತಪ್ಪು ಕಂಡರೆ ಯಾರಿಗೆ ಹೇಳಬೇಕು ಎಂದು ಅವನಿಗೆ ಗೊತ್ತಾಗಬೇಕು.

ಬರೆದಾದ ಮೇಲೆ ಟೂಲ್ ನೋಡಿಯೇ ಇಲ್ಲದ ಒಬ್ಬರ ಕೈಗೆ ಕೊಡಿ. ಪಕ್ಕದಲ್ಲಿ ಕೂತು, ಬಾಯಿ ಬಿಡದೆ ನೋಡಿ. ಅವರು ಎಲ್ಲಿ ತಡೆದು ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಮುಂದೆ ಟೂಲ್‌ನಲ್ಲಿ ಏನಾದರೂ ಬದಲಿಸಿದರೆ ಅದೇ ದಿನ ಡಾಕ್ಯುಮೆಂಟನ್ನೂ ಬದಲಿಸಿ. ಲೆಕ್ಕದ ಕ್ರಮ ಟಿಕ್‌ನಿಂದ ದಿನಕ್ಕೆ ಬದಲಾಗಿ, ಡಾಕ್ಯುಮೆಂಟಿನಲ್ಲಿ ಹಳೆಯದೇ ಉಳಿದಿದ್ದರೆ ಅದು ಡಾಕ್ಯುಮೆಂಟ್ ಇಲ್ಲದ್ದಕ್ಕಿಂತ ಕೆಟ್ಟದ್ದು.

ನಿಲ್ಲಿಸುವುದು ಹೇಗೆ?

ಬಹಳಷ್ಟು ಡಾಕ್ಯುಮೆಂಟುಗಳಲ್ಲಿ ಶುರು ಮಾಡುವುದು ಇರುತ್ತದೆ, ನಿಲ್ಲಿಸುವುದು ಇರುವುದಿಲ್ಲ. ಆಗಸ್ಟ್ ಬಂತು, ಬೋಟುಗಳು ಕಡಲಿಗೆ ಹೋದವು, ಟೂಲ್ ಮಾತ್ರ ದಿನಾ ಬೆಳಿಗ್ಗೆ ಬರೆಯುತ್ತಲೇ ಇದೆ. ನಿಲ್ಲಿಸಲು ಮೊದಲು ಅಲಾರಂ ತೆಗೆಯಬೇಕು, ವೆಬ್‌ಹುಕ್ ಇದ್ದರೆ ಅದನ್ನು ಅಳಿಸಬೇಕು. ಆಮೇಲೆ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಟೋಕನ್ ರದ್ದು ಮಾಡಬೇಕು. ರದ್ದಾದ ಮೇಲೆ ಟೂಲ್ ಎಲ್ಲಿ ಓಡುತ್ತಿದ್ದರೂ ಕಾರ್ಡಿನ ಮೇಲೆ ಒಂದಕ್ಷರ ಬರೆಯಲಾರದು. ಆದರೆ ಅದು ಈಗಾಗಲೇ ಬರೆದ ಸಾಲುಗಳು ತಾವಾಗಿಯೇ ಹೋಗುವುದಿಲ್ಲ. ಅವನ್ನು ಇಟ್ಟುಕೊಳ್ಳಬೇಕೋ, ಗಡಿಗೆರೆ ಸಮೇತ ತೆಗೆದುಹಾಕಬೇಕೋ, ತೆಗೆಯುವುದಾದರೆ ಅದಕ್ಕೆ ಟೂಲ್‌ನಲ್ಲೇ ಆಜ್ಞೆ ಇದೆಯೋ ಎಂದು ಬರೆದಿಡಿ. ಆ ಆಜ್ಞೆ ಇದ್ದರೆ ಅದನ್ನು ಓಡಿಸಬೇಕಾದ್ದು ಟೋಕನ್ ರದ್ದು ಮಾಡುವ ಮೊದಲು.